ಮರೆಗುಳಿ ಕಾಯಿಲೆಯ ಹಿರಿಯರಿಗೆ ಆರೈಕೆ ಮನೆ: ಆರಿಸುವುದು ಹೇಗೆ?

ಮರೆಗುಳಿ ಕಾಯಿಲೆ, ಅಂದರೆ ಡಿಮೆನ್ಷಿಯಾ, ಮುಪ್ಪಿನ ಸಹಜ ಮರೆವಲ್ಲ, ಮಿದುಳಿನ ಕಾಯಿಲೆ. ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಸುಮಾರು ಶೇ 7.4ರಷ್ಟು ಮಂದಿಗೆ ಇದು ಇದೆಯೆಂಬ ಅಂದಾಜಿದೆ. ಹೆಚ್ಚಿನವರನ್ನು ಮನೆಯವರೇ ನೋಡಿಕೊಳ್ಳುತ್ತಾರೆ. ಹಿರಿಯರು ರಾತ್ರಿ ಎದ್ದು ಹೊರಟುಬಿಡುವಾಗ, ನೋಡಿಕೊಳ್ಳುವವರ ಆರೋಗ್ಯವೇ ಕೆಟ್ಟಾಗ ಆರೈಕೆ ಮನೆ ಬೇಕಾಗುತ್ತದೆ. ಕೆಲವೇ ಜನರಿರುವ ಸಣ್ಣ ಆರೈಕೆ ಮನೆಯಲ್ಲಿ ದಿನವೂ ಅವೇ ಮುಖಗಳು ಕಾಣುತ್ತವೆ, ಗದ್ದಲವಿರುವುದಿಲ್ಲ. ಹಿರಿಯರ ಗಾಬರಿಯೂ ತಗ್ಗಬಹುದು.

1. ಮೊದಲು ತಪಾಸಣೆ
ಥೈರಾಯ್ಡ್ ದೋಷ, ವಿಟಮಿನ್ ಬಿ12 ಕೊರತೆ, ಖಿನ್ನತೆ, ಕೆಲವು ಮಾತ್ರೆಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆಯಿದೆ. ರಾಯಚೂರು ಜಿಲ್ಲೆಯ ಕುರ್ಡಿ, ಮಾನ್ವಿ, ದೇವದುರ್ಗ ಭಾಗದವರು ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ಒಯ್ಯಬೇಕು.

2. ಹುಡುಕಾಟ
ಹಿರಿಯರ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು. ಎಲ್ಲ ವೃದ್ಧಾಶ್ರಮಗಳೂ ಈ ಕಾಯಿಲೆಯವರನ್ನು ಸೇರಿಸಿಕೊಳ್ಳುವುದಿಲ್ಲ. ಕಾಯಿಲೆಯನ್ನು ಮುಚ್ಚಿಡದೆ ಹೇಳಿಯೇ ಕೇಳಬೇಕು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಷಿಯಾ ಆರೈಕೆಗೆಂದೇ ಕೇಂದ್ರ ನಡೆಸುತ್ತಿದೆ. ಅಷ್ಟು ದೂರ ಸೇರಿಸಿದರೆ ಪದೇ ಪದೇ ಹೋಗಿ ನೋಡುವುದು ಕಷ್ಟ ಎಂಬುದೂ ಲೆಕ್ಕದಲ್ಲಿರಬೇಕು.

3. ಸಂಜೆ ಭೇಟಿ
ಹೊತ್ತು ಮುಳುಗುವಾಗ ಈ ಕಾಯಿಲೆಯ ಹಲವರ ಚಡಪಡಿಕೆ ಹೆಚ್ಚುತ್ತದೆ. ಆ ಹೊತ್ತಿನಲ್ಲೇ ಹೋಗಿ ನೋಡಬೇಕು. ‘ದನ ಕಟ್ಟಬೇಕು, ಊರಿಗೆ ಹೋಗ್ತೀನಿ’ ಎಂದು ಅಜ್ಜ ಬಾಗಿಲಿಗೆ ಬಂದರೆ ಆಯಾ ಗದರುತ್ತಾರೋ, ‘ಎಷ್ಟು ದನ ಅದಾವಜ್ಜ?’ ಎಂದು ಮಾತಿಗೆಳೆದು ಜೊತೆಗೆ ನಾಲ್ಕು ಹೆಜ್ಜೆ ಹಾಕುತ್ತಾರೋ ಗಮನಿಸಬೇಕು. ಕಟ್ಟಡದ ಅಂದಕ್ಕಿಂತ ಈ ನಡವಳಿಕೆಯೇ ಮುಖ್ಯ.

4. ಕೇಳಬೇಕಾದ ಪ್ರಶ್ನೆಗಳು
• ರಾತ್ರಿ ಎಷ್ಟು ಸಿಬ್ಬಂದಿ ಎಚ್ಚರವಿರುತ್ತಾರೆ?
• ಕೈಕಾಲು ಕಟ್ಟುವ, ನಿದ್ದೆ ಮಾತ್ರೆ ಕೊಟ್ಟು ಮಲಗಿಸಿಡುವ ರೂಢಿ ಇದೆಯೇ?
• ಬಚ್ಚಲಲ್ಲಿ ಹಿಡಿಕೆ, ಜಾರದ ನೆಲ, ರಾತ್ರಿ ದೀಪ ಇವೆಯೇ?
• ಬೇಸಿಗೆಯಲ್ಲಿ ನೀರು ಕುಡಿಸುವ ಹೊಣೆ ಯಾರದು? ಬಾಯಾರಿಕೆಯನ್ನು ಹೇಳಿಕೊಳ್ಳಲು ಇವರಿಗೆ ಆಗದಿರಬಹುದು.

5. ಕರಾರು
ತಿಂಗಳ ಶುಲ್ಕ, ಠೇವಣಿ ವಾಪಸಾತಿ, ಡೈಪರ್ ಮತ್ತು ಔಷಧಿಯ ಖರ್ಚು, ಆಸ್ಪತ್ರೆಗೆ ಒಯ್ಯುವವರು ಯಾರು ಎಂಬುದೆಲ್ಲ ಬರಹದಲ್ಲಿರಬೇಕು. ಸೇರಿಸಿದ ಮಾತ್ರಕ್ಕೆ ಮಕ್ಕಳ ಹೊಣೆ ತೀರುವುದಿಲ್ಲ. ಮಕ್ಕಳು ಪೋಷಣೆಯ ವೆಚ್ಚ ಕೊಡದಿದ್ದರೆ 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು.

6. ಬದುಕಿನ ಚೀಟಿ
ಹಿರಿಯರನ್ನು ಮನೆಯಲ್ಲಿ ಕರೆಯುವ ಹೆಸರು, ಕಸುಬು, ಭಯ, ನಿದ್ದೆಯ ಹೊತ್ತು, ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವಂಥ ರೂಢಿಗಳನ್ನು ಒಂದು ಹಾಳೆಯಲ್ಲಿ ಬರೆದು ಸಿಬ್ಬಂದಿಗೆ ಕೊಡಬೇಕು. ಹಳೆಯ ಕಂಬಳಿ, ಮನೆಯವರ ಫೋಟೊ ಜೊತೆಗಿರಲಿ.

7. ಸೇರಿಸಿದ ಮೇಲೆ
ಹೇಳದೆ, ಬೇರೆ ಬೇರೆ ಹೊತ್ತಿನಲ್ಲಿ ಹೋಗಬೇಕು. ತೂಕ ಇಳಿದಿದೆಯೇ, ಬೆನ್ನಲ್ಲಿ ಹಾಸಿಗೆ ಹುಣ್ಣು, ಮೈಮೇಲೆ ಬಾವು, ಹಗಲಲ್ಲೂ ಮಂಪರು ಇದೆಯೇ ನೋಡಬೇಕು. ಕಂಡದ್ದನ್ನು ಅಂದೇ ಬರೆದಿಟ್ಟು ಕಾರಣ ಕೇಳಬೇಕು. ಸರಿಯಾದ ಉತ್ತರ ಸಿಗದಿದ್ದರೆ 14567ಕ್ಕೆ ತಿಳಿಸಿ, ಹಿರಿಯರನ್ನು ಬೇರೆಡೆಗೆ ಕರೆದೊಯ್ಯಬೇಕು.