ಕಣ್ಣಿನ ಸಹಾಯವಿಲ್ಲದೆ ಪೇಟೆಯ ಚೌಕವನ್ನು ಅರಿಯುವದು

ಪಂಚೇಂದ್ರಿಯಗಳ ಪಾಠವನ್ನು ನಾವೆಲ್ಲರೂ ಚಿಕ್ಕ ತರಗತಿಯಲ್ಲಿಯೇ ಕಲಿತಿರುವೆವು. ಆದರೂ ಪೇಟೆಗೆ ಹೊರಟಾಗ ಕಣ್ಣೊಂದನ್ನೇ ನೆಚ್ಚಿ, ಮಿಕ್ಕವುಗಳನ್ನು ಮನೆಯಲ್ಲಿ ಬಿಟ್ಟವರಂತೆ ನಡೆಯುತ್ತೇವೆ. ಅಂಧರಿಗೆ ಆ ಮಿಕ್ಕವುಗಳು ಹೇಗೆ ದಾರಿ ತೋರುವವೆಂಬದನ್ನು ವಿಚಾರಿಸುವದಕ್ಕೆ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಸುತ್ತಣ ಬಯಲನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಬೆಳಗಾಗುವ ಮುಂಚೆಯೇ ಅಲ್ಲಿ ಹೂವಿನ ವ್ಯಾಪಾರ ಆರಂಭವಾಗುವದು. ಮಲ್ಲಿಗೆಯ ಪರಿಮಳವು ದೂರದಿಂದಲೇ ಬರುವದು. ಸೇವಂತಿಗೆಯ ಕಹಿಗಂಪು ಹತ್ತಿರ ಹೋದ ಮೇಲೆಯೇ ತಿಳಿಯುವದು. ಕನಕಾಂಬರಕ್ಕೆ ವಾಸನೆಯೇ ಇಲ್ಲವಾದದರಿಂದ ಅದನ್ನು ಮಾರುವವರ ಕೂಗಿನಿಂದಲೇ ಅರಿಯಬೇಕು. ಉದುರಿದ ಎಸಳೂ ನೀರೂ ಸೇರಿ ಕಾಲು ಜಾರುತ್ತಿದ್ದರೆ ಹೂವಿನ ಸಾಲಿನಲ್ಲಿರುವೆವೆಂದು ತಿಳಿಯಬಹುದು. ಡೀಸಲಿನ ವಾಸನೆಯೊಡನೆ ಬಡಾವಣೆಗಳ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಕೂಗುವ ಕಂಡಕ್ಟರರ ಧ್ವನಿ ಕೇಳಿಸಿತೋ, ಬಸ್ಸು ನಿಲ್ದಾಣ ಸಮೀಪಿಸಿತು. ಮೇಲ್ಸೇತುವೆಯ ಕೆಳಗೆ ಕಾಲಿಟ್ಟೊಡನೆ ಬಿಸಿಲು ಮುಖದಿಂದ ಸರಿಯುವದು. ಶಬ್ದಗಳು ಮೇಲೆ ತಾಕಿ ಹಿಂದಿರುಗಿ ದಪ್ಪವಾಗುವವು. ಗಾಳಿ ತಿರುಗಿದರೆ ಮೂಗು ಮೋಸಹೋಗುವದಾದದರಿಂದ ಅದನ್ನು ಪೂರಾ ನಂಬಲಾಗದು.

ಕಿವಿಯ ಕೆಲಸವೇ ಹೆಚ್ಚು ಆಶ್ಚರ್ಯಕರವಾದದ್ದು. ಬಲಗಡೆಯ ಶಬ್ದವು ಎಡಗಿವಿಗಿಂತ ಬಲಗಿವಿಯನ್ನು ಮುಂಚೆ ಮುಟ್ಟುತ್ತದೆ. ಈ ಅಂತರವು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಮಿದುಳು ಅದನ್ನೂ ಅಳೆದು ದಿಕ್ಕನ್ನು ತಿಳಿಸುವದು. ಇದಲ್ಲದೆ, ಅಭ್ಯಾಸವುಳ್ಳ ಅಂಧರು ಎದುರಿಗಿರುವ ಗೋಡೆಯನ್ನು ಮುಟ್ಟುವದಕ್ಕೆ ಮೊದಲೇ ಅರಿಯುತ್ತಾರೆ. ಇದು ಮುಖದ ಚರ್ಮದ ಶಕ್ತಿಯೆಂದು ಬಹುಕಾಲ ಅನೇಕರು ಎಣಿಸಿದ್ದರು. 1944ರಲ್ಲಿ ಪ್ರಕಟವಾದ ಅಮೇರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಪ್ರಯೋಗಗಳು ನಿಜವನ್ನು ತೋರಿಸಿದವು. ಡಾಲೆನ್‌ಬಾಕ್ ಎಂಬ ಪಂಡಿತರೂ ಸೂಪಾ, ಕಾಟ್ಜಿನ್ ಎಂಬಿಬ್ಬರೂ ಅವುಗಳನ್ನು ನಡಿಸಿದರು. ಸೂಪಾ ಎಂಬವರು ಸ್ವತಃ ಅಂಧರು. ಮುಖಕ್ಕೆ ದಪ್ಪ ಬಟ್ಟೆ ಮುಚ್ಚಿದರೂ ನಡೆಯುವವರು ಗೋಡೆಯನ್ನು ಅರಿತರು. ಕಿವಿಗಳನ್ನು ಮುಚ್ಚಿದಾಗಲೋ, ಹೋಗಿ ಡಿಕ್ಕಿ ಹೊಡೆದರು. ತಮ್ಮ ಹೆಜ್ಜೆಯ ಸಪ್ಪಳದ ಮರುದನಿಯನ್ನೇ ಅವರು ಅರಿಯದೆ ಕೇಳುತ್ತಿದ್ದರು! ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ದೃಷ್ಟಿವಂತರೂ ಅಭ್ಯಾಸದಿಂದ ಇದನ್ನು ಕಲಿತರು.

ಈ ಮರುದನಿ ಬಲು ಸೂಕ್ಷ್ಮವಾದದ್ದು. ಸುಮ್ಮಸುಮ್ಮನೆ ಒತ್ತುವ ಹಾರ್ನು ಅದನ್ನು ಅಳಿಸಿಬಿಡುತ್ತದೆ. ನಮಗೆ ತಲೆನೋವು ಮಾತ್ರ ಆಗುವಲ್ಲಿ ಅಂಧನು ಗೋಡೆಯನ್ನೂ ಕಂಬವನ್ನೂ ಕಳೆದುಕೊಳ್ಳುತ್ತಾನೆ. ಇದಕ್ಕೆ ವ್ಯತಿರಿಕ್ತವಾದ ಅಪಾಯವೂ ಉಂಟು: ವಿದ್ಯುತ್ತಿನಿಂದ ಓಡುವ ಮೋಟಾರುಗಳು ಮೆಲ್ಲಗೆ ಚಲಿಸುವಾಗ ಸದ್ದನ್ನೇ ಮಾಡವು. ಅವು ಕೇಳಿಸುವಂಥ ಶಬ್ದ ಮಾಡಬೇಕೆಂಬ ನಿಯಮವು ವಿಶ್ವಸಂಸ್ಥೆಯ ವಾಹನನಿಯಮಗಳಲ್ಲಿ 2016ರಲ್ಲಿ ಸೇರಿತು.

ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೆರಿಕೋವಿನ ದಾರಿಯ ಮಗ್ಗುಲಲ್ಲಿದ್ದ ಕುರುಡನ ಕಥೆಯನ್ನು ನಾವು ಓದಿರುವೆವು. ಜನರು ಗುಂಪಾಗಿ ಹೋಗುವ ಸದ್ದನ್ನು ಕೇಳಿಯೇ ಏನೋ ವಿಶೇಷವಿದೆಯೆಂದು ಅವನು ವಿಚಾರಿಸಿದನು. ಕಣ್ಣುಳ್ಳವರು ಅವನಿಗೆ ಮಾಡಿದ್ದೇನು? ಸುಮ್ಮನಿರೆಂದು ಗದರಿಸಿದರು.

ಇಂದಿನ ಪೇಟೆಯಲ್ಲಿ ಗದರಿಸುವವರು ಕಡಿಮೆ. ಕೇಳದೆಯೇ ಕೈಹಿಡಿದು ಎಳೆಯುವವರು ಹೆಚ್ಚು. ಹಾಗೆ ಎಳೆದರೆ, ಅಷ್ಟು ಹೊತ್ತು ಲೆಕ್ಕವಿಟ್ಟ ಹೆಜ್ಜೆಗಳೂ ದಿಕ್ಕೂ ಅವರಿಗೆ ತಪ್ಪಿಹೋಗುವವು. ಮೊದಲು “ಸಹಾಯ ಬೇಕೇ?” ಎಂದು ಕೇಳತಕ್ಕದ್ದು. ಬೇಕೆಂದರೆ ನಮ್ಮ ಮೊಣಕೈಯನ್ನು ಅವರಿಗೆ ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಬೇಕು. ಕೋಲನ್ನು ಮಾತ್ರ ಹಿಡಿಯಬಾರದು. “ಅಲ್ಲಿ”, “ಇಲ್ಲಿ” ಎಂಬ ಮಾತುಗಳಿಂದ ಅವರಿಗೆ ಉಪಯೋಗವಿಲ್ಲ. “ಎರಡು ಹೆಜ್ಜೆಗೆ ಬಲಗಡೆ ಹೂವಿನ ಬುಟ್ಟಿ ಇದೆ” ಎಂದರೆ ಸಾಕು.