ಅಮ್ಮನ ಮಾತ್ರೆ, ಸೂಟ್‌ಕೇಸು ಮತ್ತು ಮೆಡಿಕೇರ್

ನ್ಯೂಜೆರ್ಸಿಯ ಓದುಗರಿಗೆ,

ಬೆಂಗಳೂರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕ ಅಮ್ಮನ ಮಾತ್ರೆಗಳನ್ನೂ ತರಿಸಿಕೊಳ್ಳುತ್ತೇವೆ ಎಂದು ಬರೆದಿದ್ದೀರಿ. ಚಟ್ನಿಪುಡಿ ಬರಲಿ. ಮಾತ್ರೆಯ ಲೆಕ್ಕವನ್ನು ಮಾತ್ರ ಇನ್ನೊಮ್ಮೆ ಹಾಕಿ. ಅಮ್ಮನವರಿಗೆ ಮೆಡಿಕೇರ್ ಪಾರ್ಟ್ ಡಿ ಔಷಧಿ ವಿಮೆ ಇದೆ ಎಂದ ಮೇಲೆ, ಅಮೆರಿಕದ 2022ರ ಹಣದುಬ್ಬರ ಇಳಿಕೆ ಕಾಯ್ದೆ ಅವರಿಗೂ ಅನ್ವಯ.

ವಿಮಾ ಯೋಜನೆಯ ಔಷಧಿ ಪಟ್ಟಿಯಲ್ಲಿರುವ ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್‌ಗಿಂತ ಹೆಚ್ಚು ಕೊಡಬೇಕಿಲ್ಲ. ಇದು 2023ರಿಂದಲೇ ಜಾರಿಯಲ್ಲಿದೆ. ಔಷಧಿಗಳಿಗೆ ವರ್ಷಕ್ಕೆ ಕೈಯಿಂದ ಕೊಡುವ ಒಟ್ಟು ಹಣಕ್ಕೂ ಮಿತಿ ಬಂದಿದೆ: 2025ರಲ್ಲಿ 2,000 ಡಾಲರ್, 2026ರಲ್ಲಿ 2,100. ಜನ ಎಡವುವುದು ಇಲ್ಲೇ. ಕಟ್ಟುವ ಪ್ರೀಮಿಯಂ ಈ ಲೆಕ್ಕಕ್ಕೆ ಸೇರದು, ಪಟ್ಟಿಯಲ್ಲಿಲ್ಲದ ಔಷಧಿ ಸೇರದು, ಸೂಟ್‌ಕೇಸಿನದಂತೂ ಇಲ್ಲವೇ ಇಲ್ಲ.

ರಕ್ತ ತೆಳುವಾಗಿಸುವ ಎಲಿಕ್ವಿಸ್ ಬಗ್ಗೆ ಕೇಳಿದ್ದೀರಿ. ಸರ್ಕಾರ ಕಂಪನಿಗಳೊಡನೆ ಚೌಕಾಸಿ ಮಾಡಿದ ಮೊದಲ 10 ಔಷಧಿಗಳಲ್ಲಿ ಅದೂ ಒಂದು. 30 ದಿನಕ್ಕೆ 521 ಡಾಲರ್ ಪಟ್ಟಿಬೆಲೆ ಇದ್ದ ಅದಕ್ಕೆ 2026ರ ಜನವರಿಯಿಂದ ಮೆಡಿಕೇರ್‌ನ ಚೌಕಾಸಿ ಬೆಲೆ 231. ಅಮ್ಮ ಕೊಡಬೇಕಾದದ್ದು ಅದರಲ್ಲೊಂದು ಪಾಲು. ಎಷ್ಟು ಎಂಬುದು ಯೋಜನೆಯಿಂದ ಯೋಜನೆಗೆ ಬೇರೆ.

ಜನವರಿಯಲ್ಲೇ ದೊಡ್ಡ ಬಿಲ್ಲು ಬಿದ್ದು ಕಷ್ಟವಾಗುತ್ತಿದ್ದರೆ, ತಿಂಗಳ ಕಂತಿನಲ್ಲಿ ಕಟ್ಟುತ್ತೇವೆ ಎಂದು ವಿಮಾ ಕಂಪನಿಗೆ ನೀವೇ ಹೇಳಿ. ಆ ಸೌಲಭ್ಯ ತಾನಾಗಿ ಸಿಗುವುದಿಲ್ಲ, ಅದರಿಂದ ಹಣವೂ ಉಳಿಯದು, ಭಾರ ಹಂಚಿಹೋಗುತ್ತದೆ ಅಷ್ಟೇ. ಯೋಜನೆ ಬದಲಿಸಲು ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಅವಕಾಶ. ಅಷ್ಟರೊಳಗೆ ಒಂದು ಸಂಜೆ ಅಮ್ಮನ ಮಾತ್ರೆಡಬ್ಬಿ ಮುಂದಿಟ್ಟುಕೊಂಡು ಯೋಜನೆಗಳನ್ನು ಹೋಲಿಸಿ ನೋಡಲು ಹೆಸರು, ಡೋಸು ಬರೆದಿಟ್ಟುಕೊಳ್ಳಿ.