ಹೆಬ್ಬೆಟ್ಟಿನ ಗುರುತು

ಹೊಟ್ಟೆಪಾಡಿಗಾಗಿ ಊರು ಬಿಟ್ಟವರಿಗೂ ಒಂದು ಚರಿತ್ರೆಯುಂಟು. ಹಳೆಯ ಮೈಸೂರಿನ ಗಣಿ, ಗಿರಣಿಗಳ ಕೆಲಸಗಾರರನ್ನು ಕುರಿತು ಇತಿಹಾಸಜ್ಞೆ ಜಾನಕಿ ನಾಯರ್ ಅವರು ಬರೆದ 'ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್' ಎಂಬ ಇಂಗ್ಲಿಷ್ ಗ್ರಂಥವು 1998ರಲ್ಲಿ ಪ್ರಕಟವಾಯಿತು.

ಕೋಲಾರದ ಚಿನ್ನದ ಗಣಿಗಳನ್ನು 1880ರ ದಶಕದಿಂದ ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಕಂಪೆನಿ. ಆಳಕ್ಕಿಳಿದು ಬಂಡೆ ಒಡೆದವರಲ್ಲಿ ಬಹುಮಂದಿ ಉತ್ತರ ಆರ್ಕಾಟು, ಚಿತ್ತೂರುಗಳಿಂದ ಬಂದ ಬಡವರು. ಬಿಳಿಯರಿಗೆ ಬಂಗಲೆ, ಇವರಿಗೆ ತಟ್ಟಿಯ ಗುಡಿಸಲು, ಸಂಬಳದಲ್ಲಿಯೂ ಭೇದ. 1930ರಲ್ಲಿ ಹೆಬ್ಬೆಟ್ಟಿನ ಗುರುತು ದಾಖಲಿಸಲು ಹೊರಟಾಗ ಸಾವಿರಾರು ಜನ ಮುಷ್ಕರ ಹೂಡಿದರು. ಒಮ್ಮೆ ಗುರುತು ಕೊಟ್ಟ ಕೂಲಿಯು ಧಣಿಯ ಪಟ್ಟಿಯಿಂದ ತಪ್ಪಿಸಿಕೊಳ್ಳುವುದು ಕಷ್ಟವಷ್ಟೆ.

ಇದಕ್ಕೂ ಮೊದಲು, 1906ರಲ್ಲಿ, ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿನ ಭಾರತೀಯರಿಗೆ ಇಂಥದೇ ಕಾಯಿದೆ ಎದುರಾಗಿತ್ತು. ಹತ್ತು ಬೆರಳಿನ ಗುರುತು ಅಪರಾಧಿಗಳಿಂದ ಪಡೆಯತಕ್ಕದ್ದೆಂದು ಗಾಂಧೀಜಿ ವಿರೋಧಿಸಿದರು. ಅವರೇ 1918ರಲ್ಲಿ ನಮ್ಮ ಈ ಅಹಮದಾಬಾದಿನ ಗಿರಣಿ ಕೆಲಸಗಾರರಿಗಾಗಿ ಉಪವಾಸ ಕೈಕೊಂಡರು.

ಗುರುತು ಕೊಡುವವನಿಗೆ ಕಾರಣ ಕೇಳುವ ಹಕ್ಕಿದೆ. ಆದುದರಿಂದ ಬಂಧುಗಳೇ, ಕರಾರುಪತ್ರವಾಗಲಿ, ಸಾಲಪತ್ರವಾಗಲಿ, ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ. ಅಕ್ಷರ ಬಾರದವರು ಕಾಗದ ಹಿಡಿದು ಸಂಜೆ ವಾಚನಾಲಯಕ್ಕೆ ಬನ್ನಿ, ಓದಿ ಹೇಳುತ್ತೇವೆ.